ತಂಗಿಯ ಸ್ವಭಾವಕ್ಕೆ ನಾನು ಕೊಡಿಸಿದ ಅಳತೆ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ತೆಗೆಸಿಯಾಯಿತು. ಆಮೇಲೆ ಬೇಸಿಗೆ ಕಳೆಯಲಿ ಎಂದೆ; ಮದರಾಸಿನಲ್ಲಿ ಬೇಸಿಗೆ ಕಳೆಯುವುದೆಂದರೆ ಏನೆಂದು ಗೊತ್ತಿದ್ದೂ ಹಾಗೆಂದೆ. ಕೊನೆಗೆ ತಂಗಿಯ ಒಪ್ಪಿಗೆ ಬೇಕಲ್ಲ ಎಂಬ ನೆಪ ಹಿಡಿದೆ. ಹೋದ ತಿಂಗಳು ಫೋನಿನಲ್ಲಿ ಕೇಳಿದಾಗ ಅವಳು, “ಬರಿ ಅಣ್ಣ. ಆದ್ರೆ ಓದಿದೋರು ನಿನ್ನ ನೋಡಿ ಪಾಪ ಅನ್ನೋ ಹಂಗೆ ಬರೀಬೇಡ” ಎಂದಳು. ಇನ್ನು ನೆಪ ಉಳಿದಿಲ್ಲ.

ಯಾರೂ ಪಾಪ ಅನ್ನಬೇಕಾಗಿಲ್ಲ. ನಾನು ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ನನ್ನ ಮೇಲೆ. ಜೊತೆಗೆ, ಒಂದು ಭಾನುವಾರ ನಮ್ಮ ಮನೆಗೆ ಬಂದು, ಮನೆಯ ಗಂಡಸು ಹೇಳಿದ್ದನ್ನೆಲ್ಲ ಬರೆದುಕೊಂಡು, ಅದನ್ನು ಒಬ್ಬ ಹೆಣ್ಣುಮಗಳ ಸ್ವಭಾವದ ಅಳತೆ ಎಂದು ಎತ್ತಿಕೊಂಡು ಹೋದವರ ಮೇಲೂ.

ತೊಂಬತ್ತರ ದಶಕದ ಕೊನೆಯ ಮಾತು. ಮದರಾಸಿನ ವಡಪಳನಿಯಲ್ಲಿ, ಒಂದೇ ಅಂಗಳದ ಸುತ್ತ ಕಟ್ಟಿದ ಪೋರ್ಷನ್‌ಗಳ ಪೈಕಿ ಒಂದರಲ್ಲಿ ನಾವು ಬಾಡಿಗೆಗಿದ್ದೆವು. ನಾವು ಎಂದರೆ ನಾನು, ನನ್ನ ಹೆಂಡತಿ, ನನ್ನ ತಂಗಿ. ನಮಗೆ ಮಕ್ಕಳಾಗಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನ ಕಡೆಯಿಂದ ಬಂದವನು, ಗಿಂಡಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಹೆಂಡತಿಗೆ ತರಕಾರಿ ಕೊಳ್ಳುವಷ್ಟು, ನೀರಿನ ಸರದಿಗೆ ಜಗಳವಾಡುವಷ್ಟು ತಮಿಳು ಬರುತ್ತಿತ್ತು, ಅದರಾಚೆಗೆ ಇಲ್ಲ. ತಂಗಿ ಅಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಮದುವೆ ಬೇಡ ಎಂದು ಕೂತವಳು, ಆದರೆ ಸುಮ್ಮನೆ ಕೂತವಳಲ್ಲ. ಟಿ. ನಗರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಹಿಡಿದಳು. ಬೆಂಗಳೂರು, ಮೈಸೂರಿನಿಂದ ಮದುವೆ ಜವಳಿಗೆ ಬರುವವರಿಗೆ ಕನ್ನಡದಲ್ಲಿ ಸೀರೆ ತೋರಿಸುವವಳು ಅವಳೊಬ್ಬಳೇ. ವರ್ಷ ಬಿಟ್ಟು ಬಂದವರೂ “ಆ ಕನ್ನಡದ ಅಕ್ಕ ಇದಾರಾ?” ಎಂದು ಕೇಳುತ್ತಿದ್ದರಂತೆ.

ಈಗ ನನ್ನ ವಿಷಯ. ನನಗೆ ಕೈ ಎತ್ತುವ ಅಭ್ಯಾಸವಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಅಂಗಳಕ್ಕೆ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಮ್ಯಾನೇಜರ್ ಬೈದರೆ ನನ್ನ ಹೆಂಡತಿಯ ಬೆನ್ನಿಗೆ ಅದು ಗೊತ್ತಾಗುತ್ತಿತ್ತು. ಹೊಡೆದ ಮೇಲೆ ವಾರಗಟ್ಟಲೆ ಮಾತು ಬಿಡುವುದೂ ನಾನೇ, ತಪ್ಪು ಅವಳದೇ ಎಂಬಂತೆ. ಅವಳು ಎದುರು ಹೇಳಿದವಳಲ್ಲ. ಮನೆಯಲ್ಲಿ ಎದುರು ಹೇಳುತ್ತಿದ್ದವಳು ತಂಗಿ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, “ಅಣ್ಣ, ಕೈ ಇಳಿಸು” ಎನ್ನುತ್ತಿದ್ದಳು.

“ನೀನ್ಯಾರೇ ಹೇಳೋಕೆ? ನನ್ನ ಮನೇಲಿ ಇದ್ಕೊಂಡು!”

“ಮನೆ ನಿಂದು, ಆಯ್ತು. ಅತ್ತಿಗೆ ಬೆನ್ನು ನಿಂದಲ್ಲ. ಇಳಿಸು.”

ಒಂದು ಸಂಜೆ ನಾನು ಇಳಿಸಲಿಲ್ಲ. ಅವಳು ಸೀದಾ ಅಂಗಳಕ್ಕೆ ಹೋಗಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲೇ ಕೂಗಿದಳು: “ಎಲ್ಲಾರುಂ ವಾಂಗ! ಎಂಗ ಅಣ್ಣನ್ ಅಣ್ಣಿಯ ಅಡಿಕ್ಕಿರಾರು!” ನಮ್ಮಣ್ಣ ಅತ್ತಿಗೇನ ಹೊಡೀತಿದಾನೆ, ಎಲ್ಲಾರೂ ಬನ್ನಿ ಎಂದು. ಅಷ್ಟೂ ಪೋರ್ಷನ್‌ಗಳ ಬಾಗಿಲು ತೆರೆದವು. ಸಿನಿಮಾ ಸ್ಟುಡಿಯೋದಲ್ಲಿ ದೀಪ ಹಿಡಿಯುವ ಎದುರು ಮನೆಯವನು ಲುಂಗಿ ಕಟ್ಟಿಕೊಳ್ಳುತ್ತ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂದಿನಿಂದ ನಾನು ಹೆಂಡತಿಯ ಮೇಲೆ ಕೈ ಮಾಡಲಿಲ್ಲ. ಮನಸ್ಸು ಬದಲಾಗಿ ಅಲ್ಲ, ಅಂಗಳದ ಭಯದಿಂದ. ತಂಗಿ ಮನೆಯಲ್ಲಿರುವ ತನಕ ಅದು ನಿಂತೇ ಇರುತ್ತದೆ ಎಂದು ನನಗೂ ಗೊತ್ತಿತ್ತು, ನನ್ನ ಹೆಂಡತಿಗೂ ಗೊತ್ತಿತ್ತು. ಅದಕ್ಕೇ ತಂಗಿ ಮನೆಯಲ್ಲಿರುವುದು ನನಗೆ ಬೇಡವಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಸರ್ವೆಯವರು ಬಂದರು. ಭಾನುವಾರ, ತಂಗಿಗೆ ಅಂಗಡಿ ಇತ್ತು, ನನಗೆ ರಜೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗಿ, ಹೆಗಲಿಗೆ ಚೀಲ, ಬಿಸಿಲಿಗೆ ಮುಖ ಕೆಂಪಾಗಿತ್ತು. ಮನಸ್ಸಿನ ಆರೋಗ್ಯದ ಬಗ್ಗೆ ಓದುತ್ತಿರುವುದಾಗಿ ಹೇಳಿದಳು. ಬೀದಿಗೆ ಇಷ್ಟು ಮನೆ ಎಂದು ಆರಿಸಿಕೊಂಡು ಬರುತ್ತಿದ್ದಳಂತೆ. ಅವಳ ತಮಿಳಿನ ವಿವರಣೆಯನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ. ಆಸ್ಪತ್ರೆಗೆ ಬಂದವರನ್ನು ವೈದ್ಯರು ನೋಡುತ್ತಾರೆ. ಆದರೆ ಆಸ್ಪತ್ರೆಗೆ ಬಾರದ, ಮನೆಗಳಲ್ಲೇ ಇರುವ ಸಾಮಾನ್ಯ ಜನರಲ್ಲಿ ಸ್ವಭಾವದ ತೊಂದರೆ ಎಷ್ಟು ಮಂದಿಗಿದೆ, ಯಾವ ಮಟ್ಟದ್ದು, ಅದನ್ನು ಅಳೆಯಬೇಕು. ಏನೂ ಇಲ್ಲ ಎಂಬಲ್ಲಿಂದ ಶುರುವಾಗಿ, ಅಲ್ಪ, ಮಧ್ಯಮ ಎಂದು ಏರುತ್ತ ತೀವ್ರ ಎಂಬಲ್ಲಿಗೆ ನಿಲ್ಲುತ್ತದೆ. ಪತ್ರಿಕೆಯವರು ಈಗ ಇದನ್ನೇ ವ್ಯಕ್ತಿತ್ವದ ಅಸ್ವಸ್ಥತೆ ಎಂದು ಬರೆಯುತ್ತಾರೆ.

“ಪ್ರತಿಯೊಬ್ಬರ ಬಗ್ಗೆಯೂ ಅವರನ್ನು ಚೆನ್ನಾಗಿ ಬಲ್ಲವರೊಬ್ಬರನ್ನು ಕೇಳ್ತೀವಿ ಸಾರ್. ತಮ್ಮ ಸ್ವಭಾವ ತಮಗೇ ಕಾಣಲ್ಲ ಅಲ್ವಾ?” ಎಂದಳು.

ಅದು ನಿಜವೇ. ಆದರೆ ನಮ್ಮಂಥ ಮನೆಗಳಲ್ಲಿ ‘ಬಲ್ಲವರು ಯಾರು’ ಎಂದರೆ ಎಲ್ಲರ ಕಣ್ಣೂ ಕುರ್ಚಿಯ ಮೇಲೆ ಕೂತ ಗಂಡಸಿನ ಕಡೆಗೇ ತಿರುಗುತ್ತದೆ. ಮರ್ಯಾದೆ ಎಂದು ನಾವು ಕಲಿತಿರುವುದೇ ಅದು. ತಂಗಿಯನ್ನು ನಿಜವಾಗಿ ಬಲ್ಲವಳು ನನ್ನ ಹೆಂಡತಿ. ಅವರಿಬ್ಬರೂ ಒಂದೇ ಚಾಪೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತ ನಾನು ಬಂದೊಡನೆ ನಿಂತುಹೋಗುವಂಥ ನಗು ನಗುತ್ತಿದ್ದರು. ಆದರೆ ಹೆಂಡತಿಗೆ ಅಷ್ಟು ತಮಿಳು ಬಾರದು, ಹುಡುಗಿಗೆ ಕನ್ನಡ ಬಾರದು. ನಡುವೆ ಕೂತವನು ನಾನು.

ಮೊದಲು ನನ್ನ ಸರದಿ. ನನ್ನನ್ನು ಬಲ್ಲವಳಾಗಿ ನನ್ನ ಹೆಂಡತಿಯನ್ನು ಕೇಳಬೇಕು. ಕೇಳಿದ್ದು ನನ್ನ ಎದುರಿಗೇ, ನನ್ನ ಬಾಯಿಂದಲೇ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಷ್ಟು ಓದಿದ ಹುಡುಗಿಗೆ, ಅವಳನ್ನು ಕಳಿಸಿದ ಅವಳಿಗಿಂತ ಹೆಚ್ಚು ಓದಿದವರಿಗೆ, ಗಂಡನ ಎದುರು ಹೆಂಡತಿ ಏನು ಹೇಳಿಯಾಳು ಎಂದು ತೋಚಲಿಲ್ಲವೇ? ಇವರಿಗೆ ಕೋಪ ಹೆಚ್ಚಾ ಎಂದು ಹುಡುಗಿ ಕೇಳಿದಳು. ಕೋಪ ಎಂಬುದಕ್ಕೆ ತರ್ಜುಮೆ ಬೇಕಾಗಲಿಲ್ಲ. ಹೆಂಡತಿ ನೆಲ ನೋಡುತ್ತ, “ಇಲ್ಲ” ಎಂದಳು. ಹುಡುಗಿಗೆ ಅದಕ್ಕೂ ತರ್ಜುಮೆ ಬೇಕಾಗಲಿಲ್ಲ, ಬರೆದುಕೊಂಡಳು. ನನ್ನ ಸ್ವಭಾವದಲ್ಲಿ ಯಾವ ತೊಂದರೆಯೂ ಇಲ್ಲ ಎಂದಾಯಿತು.

ಆಮೇಲೆ ತಂಗಿಯ ವಿಷಯ. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತೆ.

“ಅವರಿಗೆ ಜನರ ಜೊತೆ ಜಗಳ ಆಗುತ್ತಾ?”

“ಆಗುತ್ತೆ. ಅಂಗಳದಲ್ಲಿ ನಿಂತು ಅಷ್ಟೂ ಮನೆಯವರನ್ನು ಕೂಗಿ ಸೇರಿಸ್ತಾಳೆ.”

“ಅಪ್ಪಡಿಯಾ?” ಹೌದಾ ಎಂದು ಹುಡುಗಿ ಹುಬ್ಬೇರಿಸಿದಳು. “ಹೇಳಿದ ಮಾತು ಕೇಳ್ತಾರಾ?”

“ದೊಡ್ಡವರು ಚಿಕ್ಕವರು ಅಂತ ನೋಡಲ್ಲ.”

“ಮದುವೆ?”

“ಬೇಡ ಅಂದಳು.”

“ಸ್ನೇಹಿತರು?”

“ಮನೆಗೆ ಯಾರೂ ಬರಲ್ಲ.” ಯಾರೂ ಬರುತ್ತಿರಲಿಲ್ಲ, ಹೌದು. ಬಂದವರ ಎದುರು ನಾನು ಮುಖ ಗಂಟು ಹಾಕುತ್ತಿದ್ದೆನಲ್ಲ.

“ಇತರರ ಮೇಲೆ ಅನುಮಾನ?”

ಇಲ್ಲಿ ನಾನು ಸ್ವಲ್ಪ ಯೋಚಿಸಿದೆ. ಯೋಚಿಸಿ ಹೇಳಿದೆ: “ಹೊರಗೆ ಯಾರ ಕೈಯಲ್ಲೂ ಏನೂ ತಿನ್ನಲ್ಲಮ್ಮ. ಅಂಗಡಿಯಲ್ಲಿ ಎಲ್ಲರಿಗೂ ಪುಕ್ಕಟೆ ಊಟ ಹಾಕ್ತಾರೆ, ಅದನ್ನು ಮುಟ್ಟಲ್ಲ. ಮನೆಯಿಂದ ಡಬ್ಬಿ ಒಯ್ದು ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂತಾಳೆ. ನೀರೂ ಅವಳದೇ ಚೊಂಬಿನಲ್ಲಿ.”

ಹುಡುಗಿ ಸರಸರನೆ ಬರೆದಳು. ನನ್ನ ತಂಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಪೂಜೆಯಾಗದೆ ತುತ್ತು ಮುಟ್ಟಬಾರದು, ಹೊರಗಿನ ಅಡುಗೆ ಉಣ್ಣಬಾರದು ಎಂದು ಅಮ್ಮ ಅವಳಿಗೆ ಚಿಕ್ಕಂದಿನಲ್ಲಿ ನೇಮ ಹಾಕಿದ್ದಳು. ನನಗೂ ಹಾಕಿದ್ದಳು. ನಾನು ಗಿಂಡಿಯ ಕ್ಯಾಂಟೀನಿಗೆ ಸೇರಿದ ವಾರವೇ ಅದನ್ನು ಕೈಬಿಟ್ಟೆ, ಅವಳು ಬಿಡಲಿಲ್ಲ. ನಮ್ಮ ಜನರ ಯಾವ ಮನೆಯಲ್ಲಿ ಕೇಳಿದ್ದರೂ ಮಗು ಕೂಡ ಹೇಳುತ್ತಿತ್ತು. ಆ ತಮಿಳು ಹುಡುಗಿಗೆ ಅದು ಹೇಗೆ ತಿಳಿಯಬೇಕು? ಅಂಗಳದಲ್ಲಿ ಕೂಗುವವಳು, ಗೆಳತಿಯರಿಲ್ಲದವಳು, ಪರರು ಕೊಟ್ಟದ್ದನ್ನು ತಿನ್ನಲು ಹೆದರುವವಳು ಎಂದು ಅವಳ ಕಣ್ಣಿಗೆ ಒಂದು ಚಿತ್ರ ಕಟ್ಟಿತು. ಆ ತನಕ ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಪ್ರತಿಯೊಂದರ ಕಾರಣವನ್ನಷ್ಟೇ ನುಂಗಿದೆ.

ಆಗ ನನ್ನ ಹೆಂಡತಿ ಬಾಯಿ ತೆರೆದಳು. ತನ್ನ ವಿಷಯಕ್ಕೆ ಇಲ್ಲ ಎಂದು ನೆಲ ನೋಡಿದವಳು, ನಾದಿನಿಯ ವಿಷಯಕ್ಕೆ ತಲೆ ಎತ್ತಿದಳು.

“ರೀ, ಅದು ಅತ್ತೆ ಹಾಕಿಕೊಟ್ಟ ನೇಮ ಅಂತ ಹೇಳ್ರೀ. ಆ ಮಗು ಏನೋ ತಪ್ಪು ತಿಳ್ಕೊಂಡು ಬರೀತಾ ಐತೆ.”

“ನೀನು ಸುಮ್ನಿರು.”

“ಹೇಳ್ರೀ ಅಂದ್ರೆ! ಅವ್ಳಿಗೆ ಊರೆಲ್ಲಾ ಗೆಳತೀರು. ನೀವು...”

ಹುಡುಗಿ ನನ್ನತ್ತ ನೋಡಿ, “ಆಂಟಿ ಏನೋ ಹೇಳ್ತಿದಾರೆ?” ಎಂದಳು.

“ಕಾಫಿ ಕುಡೀತೀರಾ ಅಂತ ಕೇಳ್ತಿದಾಳೆ,” ಎಂದೆ.

“ಬೇಡ ಆಂಟಿ, ಥ್ಯಾಂಕ್ಸ್,” ಎಂದು ಹುಡುಗಿ ನನ್ನ ಹೆಂಡತಿಗೆ ನಕ್ಕು ಕೈ ಆಡಿಸಿದಳು. ಹೆಂಡತಿಗೆ ಕಾಫಿ ಎಂಬ ಮಾತೂ ತಿಳಿಯಿತು, ನಗುವೂ ತಿಳಿಯಿತು. ತನ್ನ ಮಾತು ಎಲ್ಲಿಗೂ ತಲುಪಲಿಲ್ಲ ಎಂದು ತಿಳಿದು ಒಳಗೆ ಹೋದಳು.

ತಂಗಿಯನ್ನೇ ಒಮ್ಮೆ ನೋಡಬೇಕು ಎಂದು ಹುಡುಗಿ ಮತ್ತೆ ಬಂದಳು. ತಂಗಿ ಅಂಗಡಿಯಲ್ಲಿರುವ ಹೊತ್ತನ್ನೇ ನಾನು ಅವಳಿಗೆ ಹೇಳಿಟ್ಟಿದ್ದೆ. “ಇದ್ದರೂ ಮಾತಾಡುತ್ತಿರಲಿಲ್ಲಮ್ಮ, ರಂಪ ಮಾಡ್ತಾಳೆ” ಎಂದೆ. ಸರಿ, ಹಾಗಾದರೆ ನಿಮ್ಮ ಉತ್ತರಗಳನ್ನೇ ಇಟ್ಟುಕೊಳ್ಳುತ್ತೇವೆ ಎಂದಳು. ಯಾವ ಮಟ್ಟಕ್ಕೆ ಬಂತು ಎಂದು ಕೇಳಿದೆ. ಹೇಳುವ ಹಾಗಿಲ್ಲ ಎಂದಳು. ನಾನು ಕಣ್ಣೊರೆಸಿಕೊಂಡೆ. ಅಪ್ಪ ಅಮ್ಮ ಇಲ್ಲದ ಹುಡುಗಿಯ ಅಣ್ಣ, ನನಗಲ್ಲದೆ ಇನ್ಯಾರಿಗೆ ಹೇಳುತ್ತೀರಿ ಎಂದೆ. ಅವಳಿಗೆ ಕನಿಕರವಾಯಿತು. ನೀವು ಹೇಳಿದ್ದರ ಪ್ರಕಾರ ತೀವ್ರವೇ ಎಂದು ಬಾಯಿಬಿಟ್ಟಳು. ಬಿಟ್ಟ ಕೂಡಲೇ ಹೆದರಿದಳು.

“ಸಾರ್, ಇದು ಅವರಿಗೆ ಇಂಥ ಕಾಯಿಲೆ ಅಂತ ಹೇಳೋದಲ್ಲ. ಎಲ್ಲ ಮನೆಗಳದ್ದನ್ನೂ ಕೂಡಿಸಿ ಊರಿನ ಲೆಕ್ಕ ತೆಗೆಯೋಕೆ ಅಷ್ಟೇ. ಒಬ್ಬರ ಮೇಲೆ ಇದನ್ನು ಹಾಕಬಾರದು. ಜಗಳಗಳನ್ನ ಎಣಿಸಿದರೆ ತೀವ್ರ ಆಗಲ್ಲ. ಮನೆ, ಕೆಲಸ, ಬೀದಿ, ಎಲ್ಲಿ ಹೋದರೂ ಯಾರ ಜೊತೆಯೂ ಆಗದೇ ಇರೋದು, ಜೊತೆಗಿರೋರಿಗೆ ಪೆಟ್ಟಾಗೋದು, ಅಂಥದ್ದಿದ್ದರೆ ತೀವ್ರ. ಅನುಮಾನ ಇದ್ದರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಅವರೇ ಕೂತು ಮಾತಾಡಿಸಿ ಹೇಳ್ತಾರೆ.”

ಇಷ್ಟನ್ನೂ ಕೇಳಿಸಿಕೊಂಡೆ. ಒಂದು ಪದವೂ ತಿಳಿಯದೇ ಹೋಗಲಿಲ್ಲ. ಬೇಕಾದ ಒಂದು ಪದವನ್ನು ಮಾತ್ರ ಹಿಡಿದುಕೊಂಡು, ನಮ್ಮ ಸೋದರಮಾವನಿಗೆ ಊರಿನಿಂದ ಬರುವಂತೆ ಹೇಳಿ ಕಳಿಸಿದೆ. ನಮ್ಮ ಕಡೆ ಅಮ್ಮನ ತಮ್ಮನ ಮಾತೇ ಕೊನೆಯ ಮಾತು.

ಮಾವ ಬಂದವರು ಪಂಚೆ ಮೇಲಕ್ಕೆ ಕಟ್ಟಿ, ಫ್ಯಾನಿನ ಕೆಳಗೆ ಕೂತು, ನಾನು ಹೇಳಿದ್ದನ್ನೆಲ್ಲ ಕೇಳಿದರು.

“ಅಳತೆ ಅಂದ್ರೆ ಹೆಂಗಪ್ಪ? ಜ್ವರದ ತರ ಕಂಕುಳಿಗೆ ಇಡ್ತಾರಾ?”

“ಪ್ರಶ್ನೆ ಕೇಳ್ತಾರೆ ಮಾವ. ಡಾಕ್ಟರ ಕಡೆಯೋರು. ಇವಳದ್ದು ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ ಹೋಗಿದೆ.”

“ಅಯ್ಯೋ ಶಿವನೇ! ಹತ್ತನೇ ಕ್ಲಾಸಿನಲ್ಲಿ ಮೇಲಕ್ಕೆ ಹೋಗ್ಲಿಲ್ಲ, ಇದ್ರಲ್ಲಿ ಹೋದ್ಲಾ?”

ತಂಗಿ ಬಾಗಿಲ ಬಳಿ ನಿಂತು ನಗೆಯನ್ನು ತಡೆದುಕೊಂಡದ್ದು ಕಂಡಿತು. ಅದು ತನ್ನದೇ ವಿಷಯವೆಂದು ಅವಳಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ತಿಳಿದಾಗ ಕೇಳಿದಳು, “ಯಾರಣ್ಣ ಅಳೆದಿದ್ದು? ನಾನು ಅವರ ಮುಖಾನೇ ನೋಡಿಲ್ವಲ್ಲ.”

“ನಾನು ಹೇಳಿದೆ. ಮನೆಯೋರು ಹೇಳಿದ್ರೆ ಸಾಕು.”

“ಮನೆಯೋರು ಅಂದ್ರೆ ಅತ್ತಿಗೇನೂ ಸೇರಿದ್ರಾ?”

ಅವಳು ಅಡುಗೆಮನೆಯ ಕಡೆಗೆ ತಿರುಗಿದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಾವನೂ ತಿರುಗಿ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೆಂಡತಿಯ ಮುಖವನ್ನು ನೋಡಿದೆ, ಕಾರ್ಖಾನೆಯಿಂದ ಬಂದ ಸಂಜೆಗಳಲ್ಲಿ ನೋಡುತ್ತಿದ್ದ ಹಾಗೆ. ಅವಳು ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಮಾವ ಗಂಟಲು ಸರಿಮಾಡಿಕೊಂಡರು. ಇಂಥವಳನ್ನು ಸಂಸಾರದ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ, ಊರಿಗೆ ಬಂದು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇರಲಿ ಎಂದರು. ತಂಗಿ ಅಳಲಿಲ್ಲ, ಕೂಗಲೂ ಇಲ್ಲ. ಕೂಗಿದ್ದರೆ ನೋಡಿ ಮಾವ ಎನ್ನಲು ನಾನು ಕಾದಿದ್ದೆ. “ಹಿಂದಿನ ಕೋಣೆಗೆ ಬರೋಕೆ ನಾನೇನು ಮುರಿದ ಮಂಚಾನಾ ಮಾವ?” ಎಂದಳು. ಟ್ರಂಕು ತುಂಬಿಕೊಂಡು ಅಂಗಡಿಯ ಹುಡುಗಿಯರಿದ್ದ ಹಾಸ್ಟೆಲಿಗೆ ಹೊರಟಳು. ಗೇಟಿನ ಹತ್ತಿರ ನಿಂತು, “ಅತ್ತಿಗೆ, ಬನ್ನಿ ನನ್ ಜೊತೆ” ಎಂದು ಕರೆದಳು. ನಾಲ್ಕು ಹೆಜ್ಜೆಯ ಅಂಗಳ. ನನ್ನ ಹೆಂಡತಿ ದಾಟಲಿಲ್ಲ.

ಹಾಸ್ಟೆಲಿನಲ್ಲಿ ನನ್ನ ತಂಗಿ ಯಾರ ಜೊತೆಗೂ ಕಚ್ಚಾಡಲಿಲ್ಲ. ಮೊದಲ ವರ್ಷವೇ ಅಲ್ಲಿನ ಹುಡುಗಿಯರು ವಾರ್ಡನ್ ಹತ್ತಿರ ಏನು ಕೇಳಬೇಕಿದ್ದರೂ ಇವಳನ್ನೇ ಮುಂದೆ ಬಿಡುತ್ತಿದ್ದರಂತೆ. ಎಲ್ಲಿ ಹೋದರೂ ಯಾರ ಜೊತೆಯೂ ಆಗದವಳು ಎಂದು ನಾನು ಬರೆಸಿದ್ದೆ. ಆ ಬರಹ ಯಾವ ಲೆಕ್ಕಕ್ಕೆ ಸೇರಿತೋ, ಯಾರು ಯಾವ ಸಭೆಯಲ್ಲಿ ಅದನ್ನು ಓದಿದರೋ. ನಮ್ಮ ಊರಿನ ಸಾಮಾನ್ಯ ಜನರಲ್ಲಿ ಇಷ್ಟು ಮಂದಿ ತೀವ್ರ ಎಂದು ಎಲ್ಲೋ ಅಚ್ಚಾಗಿದ್ದರೆ, ಅದರಲ್ಲಿ ನನ್ನ ತಂಗಿ ಇದ್ದಾಳೆ, ನಾನಿಲ್ಲ. ತೊಂದರೆ ಇಲ್ಲದವರ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದೇನೆ. ಅಳೆಯಲಿ, ಬೇಡ ಎನ್ನುವವನು ನಾನಲ್ಲ. ಅಂಥ ತೊಂದರೆ ಇರುವವರು ಇದ್ದಾರೆ, ಅವರ ಕೈಗೆ ಸಿಕ್ಕಿ ನಲುಗುವವರೂ ಇದ್ದಾರೆ. ಆದರೆ ಯಜಮಾನನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಅವನ ಹೆಂಡತಿಯನ್ನು ಅವಳ ಮಾತಿನಲ್ಲೇ ಕೇಳಿ. ಅಷ್ಟು ಮಾಡಲಾಗದಿದ್ದರೆ ಬಾಗಿಲು ತಟ್ಟಬೇಡಿ. ನೀವು ಹೋದ ಮೇಲೆ ಆ ಮನೆಯಲ್ಲಿ ಉಳಿಯುವವಳು ಅವಳು.

ನಮ್ಮ ಮನೆಯಲ್ಲಿ ಉಳಿದವಳಿಗೆ ಏನಾಯಿತು ಎಂದು ಹೇಳುತ್ತೇನೆ. ಅಂಗಳದ ಭಯ ತಂಗಿಯ ಟ್ರಂಕಿನ ಹಿಂದೆಯೇ ಹೋಯಿತು. ಕೂಗುವವರಿರಲಿಲ್ಲ. ಆ ವರ್ಷ ಮಳೆಗಾಲದಲ್ಲಿ ಒಂದು ಸಂಜೆ, ಯಾವ ಕಾರಣಕ್ಕೆಂದು ನನಗೆ ನೆನಪೇ ಇಲ್ಲ, ಹೊಡೆದ ಏಟು ಕಿವಿಗೆ ಬಿತ್ತು. ಎಡಗಿವಿ. ರಕ್ತ ನಿಂತ ಮೇಲೂ ಅವಳಿಗೆ ಅದರಲ್ಲಿ ಕೇಳಿಸಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೇಗಾಯಿತು ಎಂದು ಅವರು ಕೇಳಿದರು. “ಬಚ್ಚಲಲ್ಲಿ ಜಾರಿ ಬಿದ್ದೆ” ಎಂದಳು ಕನ್ನಡದಲ್ಲಿ. ಆ ದಿನ ಮಾತ್ರ ಅವಳ ಮಾತನ್ನು ಒಂದಕ್ಷರ ಬದಲಾಯಿಸದೆ ತಮಿಳಿನಲ್ಲಿ ಹೇಳಿದೆ.

ಆ ಕಿವಿ ಮತ್ತೆ ಕೇಳಿಸಲಿಲ್ಲ. ಅದಾದ ಮೇಲೆ ನಾನು ಹೊಡೆಯಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ನಿಲ್ಲಿಸಲು ನನಗೆ ಸಾಧ್ಯವಿತ್ತು ಎಂದಷ್ಟೇ ಇದರ ಅರ್ಥ. ಮೊದಲೇ ಸಾಧ್ಯವಿತ್ತು.

ಕೆಲವು ವರ್ಷಗಳ ಮೇಲೆ ಅವಳಿಗೆ ಶ್ವಾಸಕೋಶದ ಸೋಂಕು ಬಂತು. ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಲಗಿದಳು, ಎದ್ದು ಬರಲಿಲ್ಲ. ತಂಗಿ ಸುದ್ದಿ ತಿಳಿದು ಬಂದು ಅತ್ತಿಗೆಗೆ ತಾನೇ ಸ್ನಾನ ಮಾಡಿಸಿದಳು, ವಿಭೂತಿ ಹಚ್ಚಿದಳು. ಮಣ್ಣು ಮುಗಿಸಿ ಬಂದ ಮೇಲೆ ಮುಂದಿನ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ತಂಗಿಯ ಎರಡೂ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ, ಸರ್ವೆಯ ಹುಡುಗಿಯ ಮುಂದೆ ಆಡಿದ್ದನ್ನು, ಆಡದೆ ನುಂಗಿದ್ದನ್ನು, ಅವಳ ಅತ್ತಿಗೆಯ ಎಡಗಿವಿಗೆ ಹೊಡೆದದ್ದನ್ನು. ತಪ್ಪಾಯಿತು, ಕ್ಷಮಿಸು ಎಂದೆ.

ಅವಳು ಕೈ ಬಿಡಿಸಿಕೊಂಡಳು. “ನಂಗೇನು ಕಮ್ಮಿಯಾಯ್ತಣ್ಣ? ಅಂಗಡೀಲಿ ಈಗ ಒಂದು ಫ್ಲೋರು ನಾನೇ ನೋಡ್ಕೋತೀನಿ. ಆ ಗೇಟು ದಾಟಿದ್ದೇ ಒಳ್ಳೇದಾಯ್ತು. ನನ್ನ ಹತ್ರ ಕೇಳೋದು ಸುಲಭ, ಅದಕ್ಕೇ ಕೇಳ್ತಿದೀಯ.”

ನಾನು ಮತ್ತೆ ಅವಳ ಕೈ ಹಿಡಿಯಹೋದೆ.

“ಅತ್ತಿಗೆ ಆಸ್ಪತ್ರೇಲಿ ಅಷ್ಟು ದಿನ ಇದ್ರಲ್ಲ, ಅವರ ಹತ್ರ ಹೇಳಿದ್ಯಾ?”

“ಅವಳಿಗೆ ಕೇಳಿಸ್ತಿರ್ಲಿಲ್ಲ.”

“ಎಡಗಿವೀಲಿ ಮಾತ್ರ ಅಣ್ಣ ಕೇಳಿಸ್ತಿರ್ಲಿಲ್ಲ. ಬಲಗಡೆ ಕೂತ್ಕೊಂಡು ಹೇಳ್ಬೇಕಿತ್ತು.”

ಆಸ್ಪತ್ರೆಯ ಮಂಚದ ಬಲಗಡೆ ಕಿಟಕಿ ಇತ್ತು, ಕಿಟಕಿಯ ಕೆಳಗೆ ಒಂದು ಸ್ಟೂಲು. ಅಷ್ಟೂ ದಿನ ನಾನು ಎಡಗಡೆಗೇ ಕೂತೆ. ಅಲ್ಲಿ ಏನು ಗೊಣಗಿದರೂ ನಡೆಯುತ್ತಿತ್ತು, ಏನೂ ಹೇಳದಿದ್ದರೂ ನಡೆಯುತ್ತಿತ್ತು. ತಂಗಿಯ ಹತ್ತಿರ ಕ್ಷಮೆ ಕೇಳಿದ್ದೇನೆ. ಮಾವ ಬದುಕಿರುವಾಗ ಅವರಿಗೂ ನಿಜ ಹೇಳಿದೆ. ಸರ್ವೆಯ ಹುಡುಗಿ ಸಿಕ್ಕಿದ್ದರೆ ಅವಳಿಗೂ ಹೇಳುತ್ತಿದ್ದೆ, ಬೈದೂ ಹೇಳುತ್ತಿದ್ದೆ. ಸ್ಟೂಲನ್ನು ಎಳೆದುಕೊಂಡು ಬಲಗಡೆ ಕೂತು ಒಮ್ಮೆಯಾದರೂ ತಪ್ಪಾಯಿತು ಎಂದು ಹೇಳದೆ ನಾನು ಕಳಿಸಿಕೊಟ್ಟದ್ದು ನನ್ನ ಹೆಂಡತಿಯನ್ನು ಮಾತ್ರ.